ಗಮ್ ಬೂಟಿನಿಂದ ಸವಾರಿ ಬೂಟಿನವರೆಗೆ: ಕೊಡಗಿನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣಕ್ಕೆ ಸಂಬಂಧಿಸಿದ ಸವಾರರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಮನೆತನ, ಊರು, ತೋಟದ ಗುರುತು ಹೇಳಬಹುದಾದ ವಿವರಗಳನ್ನು ಕೆಲವೆಡೆ ಬಿಟ್ಟಿದ್ದೇನೆ, ಕೆಲವೆಡೆ ಬದಲಿಸಿದ್ದೇನೆ. ಬಿದ್ದ ರೀತಿ, ಆದ ಪೆಟ್ಟು, ಕೊಂಡ ಬೂಟುಗಳು ಮತ್ತು ಒಂದೊಂದು ಹಂತದಲ್ಲಿ ಕೈಗೊಂಡ ತೀರ್ಮಾನಗಳನ್ನು ಮಾತ್ರ ನಡೆದಂತೆಯೇ ಇಟ್ಟಿದ್ದೇನೆ. ಮಡಿಕೇರಿ, ಸೋಮವಾರಪೇಟೆಯ ಸುತ್ತಮುತ್ತ ಭಾನುವಾರಗಳಂದು ಒಟ್ಟಾಗಿ ಬೈಕ್ ಓಡಿಸುವ ನಮ್ಮ ಏಳೆಂಟು ಜನರ ಗುಂಪಿನಲ್ಲಿ ಅವರೂ ಒಬ್ಬರು. ಅವರು ಬಿದ್ದ ದಿನ ಅವರ ಹಿಂದಿನ ಬೈಕಿನಲ್ಲಿದ್ದವನು ನಾನು.

ಹಿನ್ನೆಲೆ

ಸವಾರರು ನಲವತ್ತರ ಆಸುಪಾಸಿನ ಮಹಿಳೆ. ಉತ್ತರ ಕೊಡಗಿನಲ್ಲಿರುವ ಮನೆಯ ಕಾಫಿ ತೋಟವನ್ನು ತಾವೇ ನಿಂತು ನೋಡಿಕೊಳ್ಳುತ್ತಾರೆ. ಎತ್ತರ 5 ಅಡಿ 2 ಇಂಚು. ಪಾದದ ಅಳತೆ ಯುರೋಪಿನ ಲೆಕ್ಕದಲ್ಲಿ 38, ಆದರೆ ಬೆರಳುಗಳ ಬುಡದ ಭಾಗ ಅಗಲ. ಮಳೆಗಾಲದ ನಾಲ್ಕು ತಿಂಗಳು ಅವರ ಕಾಲಿನಲ್ಲಿ ರಬ್ಬರಿನ ಗಮ್ ಬೂಟಲ್ಲದೆ ಬೇರೇನನ್ನೂ ನಾವು ಕಂಡಿರಲಿಲ್ಲ. ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಅಳೆದು ಪುಸ್ತಕದಲ್ಲಿ ಬರೆದಿಡುವ ಈ ಸೀಮೆಯಲ್ಲಿ, ಕಕ್ಕಡ ತಿಂಗಳಿನಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬಿಡದೆ ಸುರಿಯುವಾಗ, ನೀರು, ಕೆಸರು, ಜಿಗಣೆ ಈ ಮೂರನ್ನೂ ಒಟ್ಟಿಗೆ ತಡೆಯುವ, ಸಂಜೆ ಅಂಗಳದ ನಲ್ಲಿಯ ಕೆಳಗೆ ತೊಳೆದು ತಲೆಕೆಳಗಾಗಿ ನಿಲ್ಲಿಸಿದರೆ ಬೆಳಿಗ್ಗೆಗೆ ಸಿದ್ಧವಾಗಿರುವ ಪಾದರಕ್ಷೆ ಅದೊಂದೇ. ತೋಟದ ಕೆಲಸಕ್ಕೆ ಗಮ್ ಬೂಟನ್ನು ಮೀರಿಸುವಂಥದ್ದು ಇಲ್ಲ ಎಂಬ ಮಾತನ್ನು ನಾನು ಈಗಲೂ ಒಪ್ಪುತ್ತೇನೆ.

ಹತ್ತು ವರ್ಷಗಳಿಗೂ ಹೆಚ್ಚು ಕಾಲ 150 ಸಿಸಿಯ ಬೈಕ್ ಓಡಿಸಿದ ಬಳಿಕ ಅವರು ಕಚ್ಚಾ ದಾರಿಗೂ ಹೊಂದುವ 400 ಸಿಸಿ ವರ್ಗದ ಅಡ್ವೆಂಚರ್ ಬೈಕೊಂದನ್ನು ಕೊಂಡರು. ಪೆಟ್ರೋಲ್ ತುಂಬಿದಾಗ ಅದರ ತೂಕ ಸುಮಾರು 200 ಕೆ.ಜಿ., ಸೀಟಿನ ಎತ್ತರ 800 ಮಿ.ಮೀ. ಸಮತಟ್ಟಾದ ನೆಲದಲ್ಲಿ ಎರಡೂ ಕಾಲುಗಳ ಮುಂಭಾಗ ಊರುತ್ತಿತ್ತು, ಹಿಮ್ಮಡಿ ಊರುತ್ತಿರಲಿಲ್ಲ. ಮುಂದಿನ ವರ್ಷ ಮನಾಲಿಯಿಂದ ಲೇಹ್‌ಗೆ ಹೋಗಬೇಕೆಂಬ ಆಸೆಯಿಂದ ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಕೂಡಿಸಿ, ಭಾರ ಹೊತ್ತ ಬೈಕನ್ನು ಊರಿನ ದಾರಿಗಳಲ್ಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ತಲೆಗೆ ಐಎಸ್‌ಐ ಗುರುತಿನ ಪೂರ್ಣಮುಖದ ಹೆಲ್ಮೆಟ್, ಮೈಗೆ ಮೊಣಕೈ, ಭುಜದ ರಕ್ಷಕಗಳಿದ್ದ ಜಾಲರಿ ಜಾಕೆಟ್, ಕೈಗೆ ಗ್ಲೌಸ್. ಸೊಂಟದಿಂದ ಕೆಳಗೆ ಜೀನ್ಸ್ ಮತ್ತು ಗಮ್ ಬೂಟು. ನಮ್ಮ ಗುಂಪಿನಲ್ಲಿ ಹೆಲ್ಮೆಟ್ ಇಲ್ಲದೆ ಬಂದವರನ್ನು ವಾಪಸ್ ಕಳಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಕಾಲಿನ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಎರಡು ಮಳೆಗಾಲ ಅವರ ಗಮ್ ಬೂಟನ್ನು ನೋಡಿಯೂ ನಾನು ಒಂದು ಮಾತು ಹೇಳಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ, ಈ ಬರಹಕ್ಕೆ ಅದೂ ಒಂದು ಕಾರಣ.

ಬಿದ್ದ ದಿನ

ಜೂನ್ ತಿಂಗಳ ಕೊನೆಯ ವಾರ. ಮಾದಾಪುರದ ಕಡೆಯಿಂದ ಕೋಟೆ ಬೆಟ್ಟದ ದಿಕ್ಕಿಗೆ ಏರುವ ಜೀಪ್ ದಾರಿಯೊಂದರಲ್ಲಿ ನಾವು ನಾಲ್ವರು ಹೋಗುತ್ತಿದ್ದೆವು. ರಾತ್ರಿಯ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದಿತ್ತು. ಕೆಳಗಿನ ಜೇಡಿ ಮಣ್ಣು ಎಣ್ಣೆ ಸವರಿದಂತೆ ಜಾರುತ್ತಿತ್ತು. ಏರಿನ ನಡುವೆ ಅವರ ಮುಂದಿನ ಚಕ್ರ ಕೊರಕಲಿಗೆ ಇಳಿದು ಎಂಜಿನ್ ನಿಂತುಹೋಯಿತು. ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಇರುವುದರಿಂದ ಮುಂದಿನ ಬ್ರೇಕೊಂದೇ ಬೈಕನ್ನು ತಡೆಯಲಾರದು. ಚಕ್ರ ತಿರುಗದೆ ಹಾಗೆಯೇ ಹಿಂದಕ್ಕೆ ಜಾರತೊಡಗಿತು. ಅವರು ಎಡಗಾಲನ್ನು ಕೆಳಗಿಟ್ಟರು. ಆ ಬದಿಯಲ್ಲಿ ನೆಲ ಅರ್ಧ ಅಡಿ ತಗ್ಗಿತ್ತು. ಸವೆದ ಅಟ್ಟೆಯ ಗಮ್ ಬೂಟು ಜಾರಿತು, ಬೈಕ್ ಎಡಕ್ಕೆ ಉರುಳಿತು, ಪೆಟ್ಟಿಗೆಯ ಅಂಚು ಮೀನಖಂಡದ ಮೇಲೆ ಬಂದು ಕೂತಿತು. ಪಾದ ಹೊರಕ್ಕೆ ತಿರುಗಿ ನೆಲದಲ್ಲಿ ಸಿಕ್ಕಿಕೊಂಡಿತ್ತು. ಮೈ ಮಾತ್ರ ಬೈಕಿನೊಂದಿಗೆ ಇನ್ನೊಂದು ದಿಕ್ಕಿಗೆ ಹೊರಳಿತು.

ಆ ಕ್ಷಣದ ವೇಗ ನಡೆದುಹೋಗುವ ಮನುಷ್ಯನ ವೇಗಕ್ಕಿಂತಲೂ ಕಡಿಮೆ. ಇಬ್ಬರು ಸೇರಿ ಬೈಕನ್ನು ಎತ್ತಿದೆವು. ಅವರು ನೋವಿನಲ್ಲೂ ಶಾಂತವಾಗಿಯೇ ಇದ್ದರು, ಕಾಲನ್ನು ನೆಲಕ್ಕೆ ಊರಲು ಮಾತ್ರ ಆಗಲಿಲ್ಲ. ಬೂಟನ್ನು ಎಳೆದು ತೆಗೆಯುವ ಪ್ರಯತ್ನ ಮಾಡದೆ, ಕಾಲಿಗೆ ಎರಡೂ ಬದಿಯಲ್ಲಿ ಸಿಲ್ವರ್ ಓಕಿನ ಕೊಂಬೆ ಇಟ್ಟು ಕಟ್ಟಿ, ಜೀಪ್ ತರಿಸಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಬೂಟನ್ನು ಕತ್ತರಿಸಿ ತೆಗೆದರು. ಎಕ್ಸ್‌ರೇಯಲ್ಲಿ ಕಂಡದ್ದು ಫಿಬ್ಯುಲಾ, ಅಂದರೆ ಮೊಣಕಾಲಿನಿಂದ ಪಾದಕ್ಕೆ ಬರುವ ಎರಡು ಮೂಳೆಗಳಲ್ಲಿ ಹೊರಬದಿಯ ಸಣ್ಣ ಮೂಳೆ, ಪಾದದ ಕೀಲಿನ ಹತ್ತಿರ ಮುರಿದಿರುವುದು. ಕೀಲು ಜಾರಿರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ; ಆರು ವಾರ ಪ್ಲಾಸ್ಟರ್, ಆಮೇಲೆ ಎರಡು ತಿಂಗಳಿಗೂ ಹೆಚ್ಚು ಫಿಸಿಯೋಥೆರಪಿ.

ಕತ್ತರಿಸಿ ತೆಗೆದ ಬೂಟನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಕತ್ತರಿಯ ಗುರುತನ್ನು ಬಿಟ್ಟರೆ ರಬ್ಬರಿನ ಮೇಲೆ ಒಂದು ಗೀರೂ ಇರಲಿಲ್ಲ. ಒಳಗಿನ ಕಾಲುಚೀಲ ಒಣಗಿಯೇ ಇತ್ತು. ಯಾವ ಕೆಲಸಕ್ಕಾಗಿ ಅದನ್ನು ಮಾಡಿದ್ದರೋ ಆ ಕೆಲಸವನ್ನು ಅದು ಪೂರ್ತಿಯಾಗಿ ಮಾಡಿತ್ತು, ಮುರಿದದ್ದು ಒಳಗಿನ ಮೂಳೆ.

ಸಮಸ್ಯೆ ಎಲ್ಲಿತ್ತು

ಆರಂಭದಲ್ಲಿ ನಮಗಾರಿಗೂ ಸಮಸ್ಯೆಯ ಸ್ವರೂಪ ಸರಿಯಾಗಿ ತಿಳಿಯಲಿಲ್ಲ. ಸವಾರಿಯ ಉಡುಪು ಎಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ಬಿದ್ದು ಉಜ್ಜಿಕೊಂಡು ಹೋಗುವುದರಿಂದ ಕಾಪಾಡುವ ವಸ್ತು ಎಂಬ ಕಲ್ಪನೆಯೇ ಎಲ್ಲರಲ್ಲೂ ಇತ್ತು. ಕಚ್ಚಾ ದಾರಿಯಲ್ಲಿ ಭಾರದ ಬೈಕ್ ಓಡಿಸುವವರು ಬೀಳುವುದು ಹೆಚ್ಚಾಗಿ ನಿಂತಲ್ಲಿ ಅಥವಾ ನಿಲ್ಲುವ ಹಂತದಲ್ಲಿ. ಆಗ ಚರ್ಮ ಉಜ್ಜಿಹೋಗುವುದಿಲ್ಲ; ನೆಲ ಮತ್ತು ಬೈಕಿನ ನಡುವೆ ಪಾದ ಸಿಕ್ಕಿಬಿದ್ದು ಅಮುಕಿಕೊಳ್ಳುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ. ಇಂಥ ಪೆಟ್ಟನ್ನು ತಡೆಯಲು ಬೂಟಿನ ಅಟ್ಟೆ ಅಡ್ಡಲಾಗಿ ಕುಗ್ಗಬಾರದು, ಕೀಲಿನ ಎರಡೂ ಬದಿ ಗಟ್ಟಿಯಾಗಿರಬೇಕು, ಬೂಟಿನ ಕೊಳವೆ ಮೀನಖಂಡವನ್ನು ಬಿಗಿಯಾಗಿ ಹಿಡಿದಿರಬೇಕು. ಗಮ್ ಬೂಟಿನಲ್ಲಿ ಈ ಮೂರೂ ಇಲ್ಲ.

ಆದರೂ ಮನೆಯಲ್ಲಿ ಮತ್ತೆ ಬೂಟಿನ ಮಾತು ಬಂದಾಗ ಎಲ್ಲರ ಬಾಯಲ್ಲೂ ಮೊದಲು ಬಂದ ಪ್ರಶ್ನೆ ಒಂದೇ: ನೀರು ಒಳಗೆ ಹೋಗುತ್ತದೆಯೇ? ನಾನೂ ಅದನ್ನೇ ಕೇಳಿದೆ. ನಮ್ಮ ಮಳೆ ನಮ್ಮಿಂದ ಆ ಪ್ರಶ್ನೆಯನ್ನು ಕೇಳಿಸುತ್ತದೆ. ಮುಂದಿನ ಐದು ತಿಂಗಳು ಹಣ ಮತ್ತು ಹೊತ್ತು ವ್ಯರ್ಥವಾದದ್ದು ಈ ಪ್ರಶ್ನೆಯನ್ನು ಮೊದಲಿಗಿಟ್ಟಿದ್ದರಿಂದ ಎಂಬುದು ನಮಗೆ ತಿಳಿದದ್ದು ತಡವಾಗಿ.

ಮೂರು ಜೊತೆ ಬೂಟುಗಳು

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ, ವೈದ್ಯರು ಬೈಕ್ ಓಡಿಸಬಹುದೆಂದ ವಾರವೇ, ಅವರು ಆನ್‌ಲೈನಿನಲ್ಲಿ, ದೂರದ ರಸ್ತೆ ಪ್ರಯಾಣಕ್ಕೆಂದು ಮಾಡುವ ನೀರು ನಿರೋಧಕ ಟೂರಿಂಗ್ ಬೂಟುಗಳನ್ನು ತರಿಸಿದರು. 38 ಅಥವಾ 39ರ ಅಳತೆ ಸಿಗಲಿಲ್ಲ. ಇದ್ದುದರಲ್ಲಿ ಚಿಕ್ಕದು 41. ಒಳಗೆ ಎರಡು ಇನ್‌ಸೋಲ್ ಹಾಕಿ, ದಪ್ಪ ಉಣ್ಣೆಯ ಕಾಲುಚೀಲ ತೊಟ್ಟರೆ ಸರಿಹೋಗುತ್ತದೆ ಎಂಬುದು ಎಲ್ಲರ ಲೆಕ್ಕಾಚಾರವಾಗಿತ್ತು. ನಡೆಯುವಾಗ ಹಿಮ್ಮಡಿ ಒಳಗೇ ಮೇಲೇಳುತ್ತಿತ್ತು. ಬೂಟಿನ ತುದಿ ಉದ್ದವಾಗಿದ್ದರಿಂದ ಗೇರ್ ಲಿವರಿನ ಕೆಳಗೆ ಹೋದದ್ದು ಸಲೀಸಾಗಿ ಹೊರಗೆ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ತೊಂದರೆ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ: ಎರಡು ಇನ್‌ಸೋಲ್‌ಗಳ ಮೇಲೆ ಪಾದ ಎತ್ತರಕ್ಕೆ ಬಂದು, ಕೀಲಿನ ರಕ್ಷಣೆಗೆಂದು ಬೂಟಿನೊಳಗೆ ಕೂಡಿಸಿದ್ದ ಗಟ್ಟಿ ಬಟ್ಟಲು ಕೀಲಿಗಿಂತ ಬೆರಳಗಲ ಕೆಳಗೆ ನಿಂತಿತ್ತು. ಅಂದರೆ ರಕ್ಷಣೆ ಇದ್ದೂ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ನವೆಂಬರಿನಲ್ಲಿ ಇನ್ನೂ ಹರಿಯುತ್ತಿದ್ದ ತೋಡೊಂದನ್ನು (ಸಣ್ಣ ಹಳ್ಳ) ದಾಟುವಾಗ ನೀರು ಬೂಟಿನ ಬಾಯಿಯಿಂದಲೇ ಒಳಗೆ ಇಳಿಯಿತು. ಹೊರಗಿನ ನೀರನ್ನು ಒಳಗೆ ಬಿಡದ ಪದರವು ಒಳಗೆ ಬಿದ್ದ ನೀರನ್ನೂ ಹೊರಗೆ ಬಿಡುವುದಿಲ್ಲ. ದಿನವಿಡೀ ಕಾಲು ನೀರಿನಲ್ಲೇ ಇತ್ತು. ಬೂಟು ಒಣಗಲು ನಾಲ್ಕು ದಿನ ಬೇಕಾಯಿತು, ಐದನೆಯ ದಿನ ಒಳಗೆ ಬೂಷ್ಟು ಕಾಣಿಸಿತು.

ಎರಡನೆಯ ಜೊತೆ, ಕೊಡಗಿನ ಸುಗ್ಗಿಯ ಹಬ್ಬವಾದ ಹುತ್ತರಿಗೆ ಬಂದ ಸಂಬಂಧಿಕರಿಂದ ಸಿಕ್ಕಿತು. ಅವರ ಮಗಳು ಹಿಂದೆ ಬಳಸಿ ಬೀರುವಿನಲ್ಲಿಟ್ಟಿದ್ದ ಬೂಟುಗಳು. ಅಳತೆ ಸರಿ, ಚರ್ಮ ಹೊಸದರಂತೆ ಹೊಳೆಯುತ್ತಿತ್ತು. ಮೊದಲ ಸವಾರಿಯಲ್ಲಿ ಮೂವತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಎಡಗಾಲಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಬಿಟ್ಟುಕೊಂಡಿತು. ಬೆರಳಿನಿಂದ ಒತ್ತಿದರೆ ನಡುವಿನ ಪದರ ಒಣಗಿದ ಅಕ್ಕಿಹಿಟ್ಟಿನ ಉಂಡೆಯಂತೆ ಪುಡಿಪುಡಿಯಾಗಿ ಉದುರುತ್ತಿತ್ತು. ಇದು ಅಂಟಿನ ದೋಷವಾಗಿರಲಿಲ್ಲ. ಅನೇಕ ಬೂಟುಗಳ ನಡು ಅಟ್ಟೆಯನ್ನು ಪಾಲಿಯುರೆಥೇನಿನಿಂದ ಮಾಡುತ್ತಾರೆ. ಗಾಳಿಯ ತೇವಾಂಶ ವರ್ಷಗಟ್ಟಲೆ ತಗಲಿದಾಗ ಆ ವಸ್ತು ತಾನಾಗಿಯೇ ವಿಘಟನೆಗೊಳ್ಳುತ್ತದೆ, ಬಳಸದೆ ಇಟ್ಟರೂ ಅದು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಗೋಡೆಯೇ ಬೆವರುವ ನಮ್ಮ ಮನೆಗಳ ಬೀರುಗಳಲ್ಲಿ ವರ್ಷಾನುಗಟ್ಟಲೆ ಉಳಿದ ಬೂಟನ್ನು, ಮೇಲಿನ ಚರ್ಮ ಎಷ್ಟೇ ಚೆನ್ನಾಗಿದ್ದರೂ, ಅಟ್ಟೆಯನ್ನು ಬಗ್ಗಿಸಿ ನೋಡದೆ ಹಾಕಿಕೊಳ್ಳಬಾರದು.

ಮೂರನೆಯದು ಬೆಂಗಳೂರಿನ ಪರಿಚಯಸ್ಥರೊಬ್ಬರು ಕೊಟ್ಟ, ಮಣ್ಣಿನ ಹಾದಿಯ ಬೈಕ್ ರೇಸಿಗೆಂದು ಮಾಡುವ ಮೋಟೋಕ್ರಾಸ್ ಬೂಟು. ಮೂರರಲ್ಲಿ ನಿಜವಾದ ರಕ್ಷಣೆ ಇದ್ದದ್ದು ಇದೊಂದರಲ್ಲೇ: ಮೊಣಕಾಲಿನ ಹತ್ತಿರದವರೆಗೆ ಗಟ್ಟಿ ಪ್ಲಾಸ್ಟಿಕ್ ಕವಚ, ನಾಲ್ಕು ಬಕಲ್, ತಿರುಚಿದರೂ ಅಲುಗದ ಕೀಲು. ಆದರೆ ಗೇರ್ ಲಿವರಿನ ಮೇಲೆ ಕಾಲಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಸವಾರರು ಕಾಲಿಡುವ ಫುಟ್‌ಪೆಗ್ ಮೇಲೆ ಸುಲಭವಾಗಿ ಸರಿಯಲೆಂದು ಆ ಬೂಟುಗಳ ಅಟ್ಟೆಯನ್ನು ಸಪಾಟಾಗಿ ಮಾಡಿರುತ್ತಾರೆ, ಹಾಗಾಗಿ ಒದ್ದೆ ಜೇಡಿಯಲ್ಲಿ ನಿಂತರೆ ಗಮ್ ಬೂಟಿಗಿಂತಲೂ ಹೆಚ್ಚು ಜಾರುತ್ತಿತ್ತು.

ಜಗಲಿಯ ಮೂಲೆ

ಫೆಬ್ರವರಿಯಲ್ಲಿ, ಕಾಫಿ ಕುಯ್ಲು ಮುಗಿಯುತ್ತಾ ಬಂದ ಹೊತ್ತಿಗೆ, ಅವರ ಮನೆಗೆ ಹೋಗಿದ್ದೆ. ಮೋಟೋಕ್ರಾಸ್ ಬೂಟುಗಳು ಜಗಲಿಯ ಮೂಲೆಯಲ್ಲಿದ್ದವು. ಕಣದಿಂದ ಹಾರಿಬಂದ ದೂಳು ಬಕಲ್‌ಗಳ ಮೇಲೆ ಪದರಗಟ್ಟಿತ್ತು. ಬೈಕಿನ ಪಕ್ಕದಲ್ಲಿ ಹೊಸ ಗಮ್ ಬೂಟಿನ ಜೊತೆ ನಿಂತಿತ್ತು, ಅಟ್ಟೆಗೆ ಅಂಟಿದ ಮಣ್ಣು ಇನ್ನೂ ಹಸಿಯಾಗಿತ್ತು. ನಾನು ಏನನ್ನೂ ಕೇಳುವ ಮೊದಲೇ ಅವರು ಹೇಳಿದರು: “ಅಣ್ಣ, ಆ ಬೂಟು ಹಾಕಿದರೆ ಬೈಕ್ ಮಾತ್ರ ಓಡಿಸಬಹುದು. ನನಗೆ ಬೈಕಿನಿಂದ ಇಳಿದ ಮೇಲೆಯೇ ಕೆಲಸ ಇರುವುದು.”

ಈ ಮಾತೇ ಪ್ರಕರಣದ ತಿರುವು. ಅಲ್ಲಿಯವರೆಗೆ ನಾವು ಬೂಟುಗಳನ್ನು ಒಂದಕ್ಕೊಂದು ಹೋಲಿಸುತ್ತಿದ್ದೆವು. ಅವರ ದಿನವನ್ನು ನೋಡಿರಲಿಲ್ಲ. ಅಂದು ಕಾಗದ ಪೆನ್ನು ಹಿಡಿದು ಕೂತೆವು. ಬೆಳಿಗ್ಗೆ ಏಳಕ್ಕೆ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಹತ್ತಿರ ಹಾಜರಿ, ಅಲ್ಲಿಂದ ತೋಟದ ಕೆಳಗಿನ ಬ್ಲಾಕಿಗೆ ಬೈಕಿನಲ್ಲಿ, ಇಳಿಜಾರಿನಲ್ಲಿ ಒಂದು ಗಂಟೆ ನಡಿಗೆ, ಮತ್ತೆ ಬೈಕ್, ಪಂಪ್ ಮನೆ, ಮಧ್ಯಾಹ್ನ ಪೇಟೆ. ಬೈಕಿನ ಮೇಲೆ ಕೂರುವ ಒಟ್ಟು ಹೊತ್ತು ಎರಡು ಗಂಟೆ ಮೀರುತ್ತಿರಲಿಲ್ಲ, ಹತ್ತಿ ಇಳಿಯುವುದು ಮಾತ್ರ ಹನ್ನೆರಡು ಸಲ. ಇಂಥ ದಿನಚರಿಗೆ ಹೊಂದದ ಬೂಟು ಎಷ್ಟೇ ಗಟ್ಟಿಯಾಗಿದ್ದರೂ ಜಗಲಿಯಲ್ಲೇ ಉಳಿಯುತ್ತದೆ, ಮತ್ತೆ ಬೀಳುವ ದಿನ ಕಾಲಿನಲ್ಲಿ ಗಮ್ ಬೂಟೇ ಇರುತ್ತದೆ. ಹಿತ ಮತ್ತು ರಕ್ಷಣೆ ಒಂದಕ್ಕೊಂದು ಎದುರು ಎಂದು ಅಲ್ಲಿಯವರೆಗೆ ತೂಗುತ್ತಿದ್ದ ನನಗೆ, ಹಿತವಿಲ್ಲದ ಕಡೆ ರಕ್ಷಣೆಯೂ ಇರುವುದಿಲ್ಲ ಎಂಬುದು ಆ ಮೂಲೆಯನ್ನು ಕಂಡ ಮೇಲೆ ಅರ್ಥವಾಯಿತು.

ಪ್ರಶ್ನೆಗಳ ಕ್ರಮವನ್ನು ಅಂದೇ ಬದಲಿಸಿದೆವು. ಕಾಲು ಬೈಕಿನ ಕೆಳಗೆ ಸಿಕ್ಕಿ ತಿರುಚಿದರೆ ಬೂಟು ಏನು ಮಾಡುತ್ತದೆ ಎಂಬುದು ಮೊದಲು. ಅದನ್ನು ತೊಟ್ಟು ಒಂದು ಗಂಟೆ ಇಳಿಜಾರಿನಲ್ಲಿ ನಡೆಯಲಾಗುತ್ತದೆಯೇ ಎಂಬುದು ಅನಂತರ. ನೀರಿನ ವಿಷಯ ಕೊನೆಗೆ, ಏಕೆಂದರೆ ನೀರಿಗೆ ಬೂಟಿನ ಹೊರಗೂ ಪರಿಹಾರಗಳಿವೆ.

ಬೆಂಗಳೂರಿನ ಒಂದು ಸಂಜೆ

ಮಾರ್ಚಿನಲ್ಲಿ ಬೆಂಗಳೂರಿಗೆ ಹೋಗಿ ಅಂಗಡಿಯಲ್ಲೇ ತೊಟ್ಟು ನೋಡುವುದೆಂದು ತೀರ್ಮಾನಿಸಿದರು. ಮೊದಲೇ ಫೋನ್ ಮಾಡಿ, ಕಾಗದದ ಮೇಲೆ ಎರಡೂ ಪಾದಗಳ ಗೆರೆ ಎಳೆದು ಚಿತ್ರ ಕಳಿಸಿ, ಚಿಕ್ಕ ಅಳತೆಯ ಬೂಟುಗಳನ್ನು ತರಿಸಿಡುವಂತೆ ಕೇಳಿಕೊಂಡಿದ್ದರು. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆಯ ಹೊತ್ತನ್ನೇ ಆರಿಸಿಕೊಂಡರು, ಸವಾರಿಗೆ ಹಾಕುವ ಕಾಲುಚೀಲಗಳನ್ನೇ ಒಯ್ದಿದ್ದರು.

ಯುರೋಪಿನ ಮಾನದಂಡಕ್ಕೆ ಒಳಪಟ್ಟ ಸವಾರಿ ಬೂಟಿನ ಒಳಗಿನ ಚೀಟಿಯಲ್ಲಿ ಬೈಕ್ ಸವಾರನ ಚಿಕ್ಕ ಚಿತ್ರ, ಇಎನ್ 13634 ಎಂಬ ಸಂಖ್ಯೆ ಮತ್ತು ಅದರ ಜೊತೆಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದು ಬೂಟಿನ ಎತ್ತರ, ಎರಡನೆಯದು ಉಜ್ಜುವಿಕೆಯನ್ನು ತಡೆಯುವ ಶಕ್ತಿ, ಮೂರನೆಯದು ಹರಿತವಾದ ವಸ್ತು ಕೊಯ್ಯುವುದನ್ನು ತಡೆಯುವ ಶಕ್ತಿ, ನಾಲ್ಕನೆಯದು ಅಟ್ಟೆ ಅಡ್ಡಲಾಗಿ ಅಮುಕಿಕೊಳ್ಳದಿರುವ ಬಿಗಿ. ಪ್ರತಿಯೊಂದೂ 1 ಅಥವಾ 2; ಎರಡು ಎಂದರೆ ಮೇಲಿನ ಮಟ್ಟ. ಕೀಲಿಗೆ ಬೀಳುವ ಹೊಡೆತಕ್ಕೆ ಪರೀಕ್ಷೆಯಾಗಿದ್ದರೆ ಐಪಿಎ, ಮೊಣಕಾಲ ಕೆಳಗಿನ ಮುಂಭಾಗಕ್ಕಾದರೆ ಐಪಿಎಸ್, ನೀರು ನಿರೋಧಕವಾಗಿದ್ದರೆ ಡಬ್ಲ್ಯುಆರ್ ಎಂದು ಸೇರಿಸಿರುತ್ತಾರೆ. ಈ ಚೀಟಿಯನ್ನು ಓದಲು ಬರುವುದು ಬಹಳ ಉಪಯುಕ್ತ. ಅದರ ಮಿತಿಯೂ ಗೊತ್ತಿರಬೇಕು: ಪಾದ ಹೊರಕ್ಕೆ ತಿರುಚಿದಾಗ ಬೂಟು ಎಷ್ಟು ತಡೆಯುತ್ತದೆ ಎಂಬುದನ್ನು ಈ ನಾಲ್ಕು ಅಂಕಿಗಳಲ್ಲಿ ಯಾವುದೂ ಹೇಳುವುದಿಲ್ಲ. ನಮ್ಮ ಸವಾರರ ಮೂಳೆ ಮುರಿದದ್ದು ಆ ತಿರುಚಿನಿಂದಲೇ.

ಆದ್ದರಿಂದ ಚೀಟಿಯ ಜೊತೆಗೆ ಕೈಯ ಪರೀಕ್ಷೆಯೂ ನಡೆಯಿತು. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಬೆರಳಿನ ಭಾಗ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿದರು. ಆಮೇಲೆ ಕೊಳವೆಯನ್ನು ಹಿಡಿದು ಪಕ್ಕಕ್ಕೆ ಬಗ್ಗಿಸಿದರು. ಮುಂದಕ್ಕೆ ಬಾಗಬೇಕು, ಪಕ್ಕಕ್ಕೆ ಬಾಗಬಾರದು. ನಾಲ್ಕು ಜೊತೆಗಳಲ್ಲಿ ಎರಡು ಇಲ್ಲಿಯೇ ಹೊರಬಿದ್ದವು. ಆ ಎರಡರಲ್ಲಿ ಒಂದು ಅಂಗಡಿಯಲ್ಲಿ ಅತಿ ಹೆಚ್ಚು ಬೆಲೆಯದಾಗಿತ್ತು. ಉಳಿದವನ್ನು ತೊಟ್ಟು ಮೆಟ್ಟಿಲು ಇಳಿದರು, ಇಳಿಯುವಾಗ ಹೆಬ್ಬೆರಳು ಮುಂದಿನ ಗೋಡೆಗೆ ತಾಗುತ್ತದೆಯೇ ಎಂದು ಗಮನಿಸಿದರು. ಅಂಗಡಿಯವರ ಬೈಕಿನ ಮೇಲೆ ಕೂತು, ಫುಟ್‌ಪೆಗ್ ಮೇಲೆ ನಿಂತು, ಗೇರ್ ಲಿವರಿನ ಕೆಳಗೆ ಕಾಲು ತೂರಿಸಿ ಇಪ್ಪತ್ತು ನಿಮಿಷ ಕಳೆದರು. ಕೊನೆಗೆ ಆರಿಸಿದ್ದು 39ರ ಅಳತೆಯ, ಮೂರು ಬಕಲ್‌ಗಳ, ಆಳವಾದ ಹಲ್ಲುಗಳಿರುವ ಅಟ್ಟೆಯ ಅಡ್ವೆಂಚರ್ ಬೂಟು. ಚೀಟಿಯಲ್ಲಿ ನಾಲ್ಕೂ ಅಂಕಿ 2. ಡಬ್ಲ್ಯುಆರ್ ಇರಲಿಲ್ಲ.

ನೀರು ನಿರೋಧಕವಲ್ಲದ ಬೂಟನ್ನು ಸೋಮವಾರಪೇಟೆಯ ಮಳೆಗೆ ಕೊಳ್ಳುವುದೇ ಎಂದು ಮನೆಯವರು ಬೇಸರಪಟ್ಟರು. ಸವಾರರು ದೃಢವಾಗಿದ್ದರು, ಅವರ ಆ ದೃಢತೆ ನನಗೆ ಬಹಳ ಮೆಚ್ಚುಗೆಯಾಯಿತು.

ಮನೆಗೆ ತಂದ ಮೇಲೆ ಎರಡು ವಾರ ಬೈಕ್ ಹತ್ತದೆ ತೋಟದಲ್ಲಿ ನಡೆದೇ ಬೂಟನ್ನು ಪಳಗಿಸಿದರು. ಬಳಿಕ ಕುಶಾಲನಗರದ ಮೆಕ್ಯಾನಿಕ್ ಹತ್ತಿರ ಹೋದರು. ಆತ ಹೇಳಿದ ಮಾತು ಬೂಟು ಬದಲಿಸುವ ಪ್ರತಿಯೊಬ್ಬರೂ ನೆನಪಿಡಬೇಕಾದದ್ದು: “ಅಕ್ಕ, ಬೂಟು ಹಾಕ್ಕೊಂಡೇ ಕೂತ್ಕೊಳ್ಳಿ. ನಿಮ್ಮ ಕಾಲಿಗೆ ಲಿವರ್ ಕೂಡಿಸೋಣ, ಲಿವರಿಗೆ ಕಾಲು ಬೇಡ.” ಹಲ್ಲುಗಳ ಮೇಲೆ ಕೂರುವ ಗೇರ್ ಲಿವರನ್ನು ಒಂದು ಹಲ್ಲಿನಷ್ಟು ಮೇಲಕ್ಕೆ ಸರಿಸಿ, ಹಿಂದಿನ ಬ್ರೇಕಿನ ಪೆಡಲನ್ನೂ ತುಸು ಎತ್ತಿ ಬಿಗಿಮಾಡಿದ. ಹತ್ತು ನಿಮಿಷದ ಕೆಲಸ. ಮೋಟೋಕ್ರಾಸ್ ಬೂಟಿಗೂ ಇದೇ ಹೊಂದಾಣಿಕೆ ಮಾಡಿಸಿದ್ದರೆ ಗೇರಿನ ತೊಂದರೆ ಕಡಿಮೆಯಾಗುತ್ತಿತ್ತು ಎಂಬುದು ಆಗ ಹೊಳೆಯಿತು. ನಡಿಗೆಯ ತೊಂದರೆ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಉಳಿದ ಉಡುಪು ಮತ್ತು ಪೆಟ್ಟಿಗೆಗಳು

ಜೀನ್ಸಿನ ಬದಲು ಮೊಣಕಾಲು ಮತ್ತು ಸೊಂಟದಲ್ಲಿ ರಕ್ಷಕಗಳಿರುವ ಸವಾರಿ ಪ್ಯಾಂಟ್ ಬಂತು. ಕೈಕಾಲುಗಳ ರಕ್ಷಕಗಳ ಮಾನದಂಡ ಇಎನ್ 1621-1. 50 ಜೂಲ್ ಹೊಡೆತ ಕೊಟ್ಟಾಗ ಒಳಕ್ಕೆ ದಾಟುವ ಬಲದ ಸರಾಸರಿ ಒಂದನೆಯ ಮಟ್ಟದಲ್ಲಿ 35 ಕಿಲೋನ್ಯೂಟನ್, ಎರಡನೆಯ ಮಟ್ಟದಲ್ಲಿ 20 ಕಿಲೋನ್ಯೂಟನ್ ಮೀರಬಾರದು. ಅವರು ಎರಡನೆಯ ಮಟ್ಟದ್ದನ್ನೇ ಆರಿಸಿದರು. ಆದರೆ ನಿಂತಾಗ ಸರಿಯಾಗಿ ಮೊಣಕಾಲ ಚಿಪ್ಪಿನ ಮೇಲಿದ್ದ ರಕ್ಷಕ, ಬೈಕಿನ ಮೇಲೆ ಕೂತು ಕಾಲು ಮಡಚಿದಾಗ ಮೂರು ಬೆರಳಿನಷ್ಟು ಮೇಲಕ್ಕೆ ಸರಿಯುತ್ತಿತ್ತು. ಒಳಗಿನ ಜೇಬನ್ನು ಕೆಳಗಿನ ಪಟ್ಟಿಗೆ ಇಳಿಸಿದ ಮೇಲೆ ಸರಿಯಾಯಿತು. ಪ್ಯಾಂಟನ್ನು ಕೂತು ನೋಡದೆ ಕೊಳ್ಳಬಾರದು.

ಜಾಲರಿ ಜಾಕೆಟ್ ಹಾಗೆಯೇ ಉಳಿಯಿತು. ಒಳಪದರದಲ್ಲಿ ನೀರು ತಡೆಯುವ ಜಾಕೆಟ್‌ಗಳ ಹೊರಬಟ್ಟೆ ನಮ್ಮ ಮಳೆಯಲ್ಲಿ ನೆನೆದು ಭಾರವಾಗುತ್ತದೆ, ಮೈ ಕೊರೆಯುತ್ತದೆ. ಜಾಲರಿಯ ಮೇಲೆ ಸಡಿಲವಾದ ಮಳೆ ಕೋಟು ಹಾಕುವುದೇ ಇಲ್ಲಿಗೆ ಒಳ್ಳೆಯದು. ಕಾಲಿಗೆ ನೀರು ನಿರೋಧಕ ಕಾಲುಚೀಲ, ಬೂಟಿನ ಮೇಲೆ ಇಳಿಬೀಳುವ ಮಳೆ ಪ್ಯಾಂಟು. ತೋಡು ದಾಟಿದರೆ ಬೂಟು ನೆನೆಯುತ್ತದೆ, ಆದರೆ ಪಾದ ಒಣಗಿರುತ್ತದೆ. ಸಂಜೆ ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ, ಮಲಗುವ ಮುನ್ನ ಒಮ್ಮೆ ಬದಲಿಸಿದರೆ ಬೆಳಿಗ್ಗೆ ಹಾಕಿಕೊಳ್ಳುವಷ್ಟು ಒಣಗುತ್ತದೆ. ಒಲೆಯ ಹತ್ತಿರ ಇಟ್ಟು ಒಣಗಿಸಬಾರದೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದಾರೆ; ನೇರ ಕಾವಿಗೆ ಚರ್ಮ ಬಿರುಕು ಬಿಡುತ್ತದೆ, ಅಟ್ಟೆಯ ಅಂಟು ಸಡಿಲವಾಗುತ್ತದೆ.

ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಮಾರಿ ಬಟ್ಟೆಯ ಚೀಲಗಳನ್ನು ಕಟ್ಟಿಸಿದರು. ಕಾಲಿನ ಮೇಲೆ ಬಿದ್ದದ್ದು ಪೆಟ್ಟಿಗೆಯ ಅಂಚು ಎಂಬುದನ್ನು ಮರೆತು ಬೂಟನ್ನಷ್ಟೇ ಬದಲಿಸಿದ್ದರೆ ಅರ್ಧ ಕೆಲಸವಾಗುತ್ತಿತ್ತು. ಗಮ್ ಬೂಟುಗಳನ್ನು ಬೈಕಿನ ಪಕ್ಕದಿಂದ ತೆಗೆದು ಕಣದ ಬಳಿಯ ಕೋಣೆಗೆ ಸಾಗಿಸಿದರು. ಎಂಜಿನ್ ಶುರುವಾಗಬೇಕಾದರೆ ಕಾಲಿನಲ್ಲಿ ಸವಾರಿ ಬೂಟು ಇರಲೇಬೇಕು, ಹೋಗುವುದು ಲೈನ್ ಮನೆಯವರೆಗೇ ಆದರೂ ಸರಿ ಎಂಬ ನಿಯಮವನ್ನು ತಮಗೆ ತಾವೇ ಹಾಕಿಕೊಂಡರು.

ಎರಡನೆಯ ಮಳೆಗಾಲ

ಜುಲೈ ಕೊನೆ. ತಮ್ಮದೇ ತೋಟದ ಇಳಿಜಾರಿನ ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಬೈಕ್ ಮತ್ತೆ ಎಡಕ್ಕೇ ಉರುಳಿತು. ಎಡಗಾಲು ಫುಟ್‌ಪೆಗ್ ಮತ್ತು ಒಂದು ಕಲ್ಲಿನ ನಡುವೆ ಸಿಕ್ಕಿತು. ಜೊತೆಗೆ ಯಾರೂ ಇರಲಿಲ್ಲ. ಬೈಕಿನ ಭಾರ ಬೂಟಿನ ಮೇಲೆಯೇ ನಿಂತಿತ್ತು, ಅಟ್ಟೆ ಕುಗ್ಗದೆ ಅದನ್ನು ಹೊತ್ತಿತ್ತು. ಅವರು ಕೂತಲ್ಲೇ ಮಳೆಯಲ್ಲಿ ಮೇಲಿನ ಎರಡು ಬಕಲ್ ಬಿಚ್ಚಿ, ಮೊಣಕಾಲನ್ನು ಮಡಚಿ, ಪಾದವನ್ನು ಹೊರಗೆಳೆದುಕೊಂಡರು. ಕೆಳಗಿನ ಬಕಲಿನ ಪಟ್ಟಿ ಕಿತ್ತುಹೋಗಿತ್ತು, ಹೊರಬದಿಯ ಪ್ಲಾಸ್ಟಿಕ್ ಕವಚದಲ್ಲಿ ಹೆಬ್ಬೆರಳ ಉದ್ದದ ಆಳವಾದ ಗೀರು. ಪಾದದಲ್ಲಿ ಮೂರು ದಿನದ ನೋವು, ಒಂದು ನೀಲಿ ಕಲೆ. ಮುನ್ನೆಚ್ಚರಿಕೆಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಹೊಸ ಪೆಟ್ಟು ಕಾಣಲಿಲ್ಲ.

ಎರಡು ಬೀಳುವಿಕೆಗಳು ಒಂದೇ ತೆರನಾದವು ಎಂದು ನಾನು ಹೇಳುವುದಿಲ್ಲ. ಎರಡನೆಯದರಲ್ಲಿ ಪೆಟ್ಟಿಗೆ ಇರಲಿಲ್ಲ, ದಾರಿ ಪರಿಚಿತವಾಗಿತ್ತು. ಬೂಟಿನ ಪಾತ್ರ ಎಷ್ಟು, ಪೆಟ್ಟಿಗೆ ತೆಗೆದದ್ದರ ಪಾತ್ರ ಎಷ್ಟು ಎಂದು ಬೇರ್ಪಡಿಸಿ ಹೇಳಲು ಒಂದು ಪ್ರಕರಣದಿಂದ ಆಗದು. ಆದರೆ ಅಂದು ಅವರು ಹೊರಟಿದ್ದು ಪಂಪ್ ಮನೆಗೆ, ಮನೆಯಿಂದ ಮುಕ್ಕಾಲು ಕಿಲೋಮೀಟರ್ ದೂರಕ್ಕೆ. ಹಿಂದಿನ ವರ್ಷದ ಮೋಟೋಕ್ರಾಸ್ ಬೂಟನ್ನು ಅಷ್ಟು ದೂರಕ್ಕೆ ಅವರು ಖಂಡಿತ ತೊಡುತ್ತಿರಲಿಲ್ಲ. ಗೀರು ಬಿದ್ದ ಬೂಟು ಅಂದು ಕಾಲಿನಲ್ಲಿತ್ತು ಎಂಬುದೇ ನಾನು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವ ಫಲಿತಾಂಶ.

ಗುಂಪಿನಲ್ಲಿ ಬದಲಾದದ್ದು

ಹೆಲ್ಮೆಟ್ ಇಲ್ಲದವರನ್ನು ವಾಪಸ್ ಕಳಿಸುವಂತೆ ಕೀಲು ಮುಚ್ಚದ ಪಾದರಕ್ಷೆಯವರನ್ನೂ ಗಮ್ ಬೂಟಿನವರನ್ನೂ ಕಚ್ಚಾ ದಾರಿಗೆ ಈಗ ಕರೆದೊಯ್ಯುವುದಿಲ್ಲ. ಹೊಸಬರು ಬೂಟು ಕೊಳ್ಳುವ ಮೊದಲು ತಮ್ಮ ಒಂದು ದಿನವನ್ನು ಬರೆದು ತರುವಂತೆ ಕೇಳುತ್ತೇವೆ: ಎಷ್ಟು ಹೊತ್ತು ಬೈಕ್, ಎಷ್ಟು ಹೊತ್ತು ನಡಿಗೆ, ಬೈಕಿನ ತೂಕವೆಷ್ಟು, ನಿಂತರೆ ಹಿಮ್ಮಡಿ ಊರುತ್ತದೆಯೇ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವವರಿಗೆ ನೀರು ನಿರೋಧಕ ಟೂರಿಂಗ್ ಬೂಟೇ ಸರಿಯಾದೀತು. ಅವರ ಪಾದ ತೋಡಿಗೆ ಇಳಿಯುವುದಿಲ್ಲ. ಮಾಂದಲ್‌ಪಟ್ಟಿಯ ಕಡೆಯ ಕಲ್ಲುದಾರಿಗೂ ತೋಟದ ಕೆಲಸಕ್ಕೂ ಒಂದೇ ಬೂಟು ಬೇಕೆನ್ನುವವರಿಗೆ ಈ ಸವಾರರ ಆಯ್ಕೆಯನ್ನು ತೋರಿಸುತ್ತೇವೆ.

ಬಗೆಹರಿಯದೆ ಉಳಿದವೂ ಇವೆ. ಕಾಫಿ ಹೂವನ್ನು ಅರಳಿಸುವ ಹೂಮಳೆಗೆ ಕಾಯುವ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಬೂಟಿನೊಳಗೆ ಕಾಲು ಬೇಯುತ್ತದೆ. ಅದಕ್ಕೆ ಅವರು ಬೈಕಿನ ಕೆಲಸಗಳನ್ನೆಲ್ಲ ಬೆಳಿಗ್ಗೆ ಹತ್ತರೊಳಗೆ ಮುಗಿಸುವುದನ್ನು ಬಿಟ್ಟರೆ ಬೇರೆ ದಾರಿ ಕಂಡಿಲ್ಲ. ಚಿಕ್ಕ ಪಾದದವರಿಗೆ ಅಂಗಡಿಗಳಲ್ಲಿ ಆಯ್ಕೆ ಇನ್ನೂ ತೀರ ಕಡಿಮೆ. ಒಂದು ವರ್ಷ ತಡವಾಗಿ, ಸೆಪ್ಟೆಂಬರಿನಲ್ಲಿ, ಅವರು ಮನಾಲಿಯಿಂದ ಲೇಹ್‌ಗೆ ಹೋಗಿಬಂದರು. ಹೊರಡುವ ವಾರ ಕಿತ್ತುಹೋದ ಪಟ್ಟಿಗೆ ಹೊಸದನ್ನು ಹಾಕಿಸಿದ್ದರು. ಗೀರು ಬಿದ್ದ ಕವಚವನ್ನು ಬದಲಿಸಲಿಲ್ಲ. ಅದು ಒಳಗಿನವರೆಗೆ ಸೀಳಿಲ್ಲವೆಂದು ಬಿಸಿಲಿಗೆ ಹಿಡಿದು ಇಬ್ಬರೂ ನೋಡಿ ಖಚಿತಪಡಿಸಿಕೊಂಡಿದ್ದೆವು.